ಬಸವನಹುಳುವಿನೊಳಗಿಂದ ಕಂಡ ಯುರೋಪು

ಯುರೋಪಿಗೆ ಹೋಗಲು ನನಗೆ ರಜೆ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ಅಲ್ಲಿ ನಾನು ಬಸವನಹುಳುವಾಗಿ ಓಡಾಡಬೇಕಿತ್ತು.

ಆಗ ನಾವು ಅಮೆರಿಕದಲ್ಲಿ, ಸನ್ನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರು. ನಾನು ಇಂಟರ್ನೆಟ್ಟಿನಲ್ಲಿ ಪ್ರವಾಸದ ಪ್ಯಾಕೇಜು ಮಾರುವ ಒಂದು ಪುಟ್ಟ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕಿದ್ದೆ. ವೆಬ್‌ಸೈಟಿನ ಯಾವ ಗುಂಡಿ ಒತ್ತಿದರೆ ಏನು ಕೆಡುತ್ತದೆ ಎಂದು ಹುಡುಕಿ ಹೇಳುವುದು ನನ್ನ ಕೆಲಸ. ಯಾವುದನ್ನು ಒತ್ತಿದರೂ ಏನಾದರೊಂದು ಕೆಡುತ್ತಿದ್ದುದರಿಂದ ಬಿಡುವೇ ಇರುತ್ತಿರಲಿಲ್ಲ. ಡಾಟ್‌ಕಾಂ ಹುಚ್ಚು ನೆತ್ತಿಗೇರಿದ್ದ ಕಾಲವದು. ನಮ್ಮ ಆಫೀಸಿನಲ್ಲಿ ಸರಿಯಾದ ಮೇಜುಗಳಿಗಿಂತ ಹಿಟ್ಟಿನ ಮೂಟೆಯಂಥ ಕೂರುವ ಚೀಲಗಳೇ ಹೆಚ್ಚಾಗಿದ್ದವು. ಮೀಟಿಂಗುಗಳು ಪಿಂಗ್‌ಪಾಂಗ್ ಟೇಬಲ್ಲಿನ ಸುತ್ತ ನಡೆಯುತ್ತಿದ್ದವು. ಯಾರಾದರೂ ಚೆಂಡು ಹೊಡೆಯುತ್ತಲೇ ಮುಂದಿನ ವರ್ಷದ ಲಾಭದ ಬಗ್ಗೆ ಮಾತಾಡುತ್ತಿದ್ದರು.

ಬಸವನಹುಳು ನಮ್ಮ ಕಂಪನಿಯ ಗುರುತಿನ ಪ್ರಾಣಿ. ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಲೋಕ ಸುತ್ತುವ ಜೀವಿ ಎಂಬುದು ನಮ್ಮ ಬಾಸಿನ ಕಲ್ಪನೆ. ನಮ್ಮ ವೆಬ್‌ಸೈಟು ತೆರೆದುಕೊಳ್ಳುವ ವೇಗಕ್ಕೂ ಆ ಪ್ರಾಣಿಗೂ ಜನ ಸಂಬಂಧ ಕಲ್ಪಿಸಿ ನಗಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವ ಹೊತ್ತಿಗೆ ಟೀ ಷರ್ಟು, ಕಾಫಿ ಮಗ್ಗು, ಜೊತೆಗೆ ಮನುಷ್ಯನೊಬ್ಬ ಒಳಹೊಕ್ಕು ನಡೆಯಬಹುದಾದ ದೊಡ್ಡದೊಂದು ವೇಷ ಎಲ್ಲವೂ ತಯಾರಾಗಿ ಬಂದಿದ್ದವು.

ರಜೆ ಕೇಳಲು ಹೋದಾಗ ಬಾಸು ಪಿಂಗ್‌ಪಾಂಗ್ ಆಡುತ್ತಿದ್ದ. ನನಗಿಂತ ಚಿಕ್ಕವನು, ಒಳ್ಳೆಯ ಹುಡುಗ. ಆಫೀಸಿನೊಳಗೆ ಯಾವಾಗಲೂ ಬರಿಗಾಲಲ್ಲೇ ಇರುತ್ತಿದ್ದ. ಹೊಸ ವೆಬ್‌ಸೈಟು ಹೊರಬರುವ ಸಮಯದಲ್ಲಿ ಯಾರಿಗೂ ರಜೆ ಕೊಡಲಾಗುವುದಿಲ್ಲ ಎಂದು ಪಾಪ ಬೇಸರದಿಂದಲೇ ಹೇಳಿದ. ಟಿಕೆಟ್ಟು ಆಗಲೇ ತೆಗೆದಾಗಿದೆ, ಹಾಸನದಿಂದ ಅತ್ತೆ ಬಂದಿದ್ದಾರೆ, ಅವರು ಊರಿಗೆ ವಾಪಸಾಗುವ ಮೊದಲು ಕರೆದುಕೊಂಡು ಹೋಗಬೇಕು ಎಂದು ನಾನು ವಿವರಿಸಿದೆ. ಎಲ್ಲೆಲ್ಲಿಗೆ ಎಂದು ಕೇಳಿದ. ರೋಮ್, ಪೀಸಾ, ಪ್ಯಾರಿಸ್ ಎಂದೆ. ಅವನು ಬ್ಯಾಟು ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿನ್ನ ಎತ್ತರ ಎಷ್ಟು ಎಂದು ಕೇಳಿದ. ಐದಡಿ ಎಂದೆ. ಅವನ ಮುಖ ಅರಳಿತು.

ಆದದ್ದಿಷ್ಟು. ವೇಷ ಹೊಲಿದವರು ಅಳತೆಯಲ್ಲಿ ಏನೋ ಎಡವಟ್ಟು ಮಾಡಿದ್ದರು. ಆಫೀಸಿನ ಎತ್ತರದ ಗಂಡಸರು ಯಾರು ಹಾಕಿಕೊಂಡರೂ ಮೊಣಕಾಲಿನ ಕೆಳಗೆ ಜೀನ್ಸ್ ಪ್ಯಾಂಟು ಕಾಣುತ್ತಿತ್ತು. ಇತ್ತ ವೆಬ್‌ಸೈಟಿನಲ್ಲಿ ಒಂದು ಪುಟ ಖಾಲಿ ಬಿದ್ದಿತ್ತು. ಇವತ್ತು ನಮ್ಮ ಬಸವನಹುಳು ಎಲ್ಲಿದೆ ಎಂಬ ಪುಟ ಅದು. ದಿನಕ್ಕೊಂದು ಐತಿಹಾಸಿಕ ಸ್ಥಳದ ಮುಂದೆ ಹುಳು ನಿಂತ ಫೋಟೋ ಅಲ್ಲಿ ಬರಬೇಕಿತ್ತು. ಹೇಗೂ ಹೋಗುತ್ತಿದ್ದೀಯಲ್ಲ, ಪ್ರತಿ ಜಾಗದಲ್ಲಿ ಅರ್ಧ ಗಂಟೆ ಹಾಕಿಕೊಂಡರೆ ಸಾಕು, ರಜೆಯೂ ಸಿಗುತ್ತದೆ, ಆ ದಿನಗಳ ಸಂಬಳವೂ ಸಿಗುತ್ತದೆ ಎಂದ. ನಾನು ಆಯಿತು ಅಂದುಬಿಟ್ಟೆ.

ಮನೆಯಲ್ಲಿ ಇದನ್ನು ಹೇಳುವುದು ಅಷ್ಟು ಸುಲಭವಿರಲಿಲ್ಲ. ನಮ್ಮವರಿಗೆ ಹೈಸ್ಕೂಲಿನ ದಿನಗಳಿಂದ ಇತಿಹಾಸದ ಹುಚ್ಚು. ಲೆಕ್ಕದಲ್ಲಿ ಒಳ್ಳೆಯ ಮಾರ್ಕ್ಸು ಬಂದ ತಪ್ಪಿಗೆ ಇಂಜಿನಿಯರಿಂಗ್ ಓದಿದವರು. ಈ ಪ್ರವಾಸಕ್ಕಾಗಿ ವರ್ಷಗಟ್ಟಲೆ ಲೈಬ್ರರಿಯಿಂದ ದಪ್ಪ ದಪ್ಪ ಪುಸ್ತಕ ತಂದು ಓದಿದ್ದರು. ಮಾತು ಮಾತ್ರ ಬಲು ಕಡಿಮೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಕೈ ತೋರಿಸುವ ಜಾತಿ. ನಾನು ವಿಷಯ ಹೇಳಿ ಮುಗಿಸಿದ ಮೇಲೆ ಇಷ್ಟು ಕೇಳಿದರು.

"ಅಂದ್ರೆ ಕೊಲೊಸಿಯಂ ಮುಂದೆ ನೀನು ಹುಳು ಆಗಿ ನಿಂತ್ಕೋತೀಯ?"

"ಅರ್ಧ ಗಂಟೆ ರೀ. ಫೋಟೋ ತೆಗೆದ ತಕ್ಷಣ ಬಿಚ್ಚಿಡ್ತೀನಿ."

ಅವರು ಎದ್ದು ಬಾಲ್ಕನಿಗೆ ಹೋದರು. ಅತ್ತೆ ಮಾತ್ರ ವೇಷವನ್ನು ಹಾಲಿನಲ್ಲಿ ಹರಡಿಸಿಕೊಂಡು, ಬಟ್ಟೆಯಂಗಡಿಯಲ್ಲಿ ಸೀರೆ ನೋಡುವ ಹಾಗೆ ಅಂಚನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಬೆನ್ನಿಗೆ ಸ್ಪಂಜಿನ ದೊಡ್ಡ ಚಿಪ್ಪು, ತಲೆಯ ಮೇಲೆ ಕೋಲಿನ ತುದಿಗೆ ಎರಡು ಕಣ್ಣು, ಕೈಗೆ ಹಳದಿ ಗವಸು. "ನಮ್ಮೂರಿಗೆ ಹಗಲುವೇಷದವರು ಬರ್ತಿದ್ರು ಕಣಮ್ಮ," ಎಂದರು. "ಹನುಮಂತ ಆಗೋರು, ರಾಕ್ಷಸ ಆಗೋರು. ಹುಳು ಆದೋರನ್ನ ಮಾತ್ರ ನಾನು ನೋಡಿಲ್ಲ."

ಅರ್ಧ ಗಂಟೆಯ ಮಾತು ಸುಳ್ಳಾಗಲು ರೋಮಿನ ಮೊದಲ ಬೆಳಗ್ಗೆಯೇ ಸಾಕಾಯಿತು. ವೇಷದ ಜಿಪ್ಪು ಚಿಪ್ಪಿನ ಒಳಗಡೆ ಇತ್ತು. ಅದನ್ನು ಎಳೆಯಲು ಅತ್ತೆ ಚಿಪ್ಪನ್ನು ಎತ್ತಿ ಹಿಡಿಯಬೇಕು, ನಮ್ಮವರು ಕೆಳಗೆ ತಲೆ ತೂರಿಸಬೇಕು. ಬೀದಿಯಲ್ಲಿ ಮಾಡುವ ಕೆಲಸವಲ್ಲ. ಚಿಪ್ಪನ್ನು ಚೀಲದಲ್ಲಿಟ್ಟು ಹೊರುವುದಕ್ಕಿಂತ ತೊಟ್ಟುಕೊಂಡು ನಡೆಯುವುದೇ ಹಗುರ ಎಂದೂ ಗೊತ್ತಾಯಿತು. ಹಾಗಾಗಿ ಹೋಟೆಲಿನ ರೂಮಿನಲ್ಲೇ ವೇಷ ಹಾಕಿ ಹೊರಡುವುದು, ಸುತ್ತಾಟ ಮುಗಿಸಿ ವಾಪಸು ಬಂದು ಬಿಚ್ಚುವುದು ಎಂದಾಯಿತು. ಹೋಟೆಲಿನ ಲಿಫ್ಟು ಹಳೆಯ ಕಾಲದ ಪಂಜರ. ನಾನು ಅದರಲ್ಲಿ ಹಿಡಿಸಲಿಲ್ಲ. ಮೆಟ್ಟಿಲಿನ ಮೇಲೆ ಅಡ್ಡಡ್ಡವಾಗಿ, ಏಡಿಯ ಹಾಗೆ ಇಳಿದೆ. ಕೆಳಗೆ ಕೌಂಟರಿನಲ್ಲಿದ್ದ ಮುದುಕ ಪೇಪರಿನಿಂದ ತಲೆಯೆತ್ತಿ ನೋಡಿ, ಶುಭೋದಯ ಎಂದು ಗಂಭೀರವಾಗಿ ಹೇಳಿ ಮತ್ತೆ ಪೇಪರು ಓದತೊಡಗಿದ.

ಹುಳುವಿನ ಬಾಯಿಗೆ ಕಪ್ಪು ಬಲೆ ಹಾಕಿದ್ದರು. ನಾನು ಲೋಕ ನೋಡಬೇಕಾದದ್ದು ಆ ಬಾಯಿಂದ. ಅದೂ ಕೆಳಮುಖವಾಗಿತ್ತು. ಜನರೆದುರು ಹುಳುವಿನ ತಲೆ ತೆಗೆಯಕೂಡದೆಂದು ಬಾಸು ಹೇಳಿ ಕಳಿಸಿದ್ದ. ಎಷ್ಟು ಕತ್ತು ಹಿಂದಕ್ಕೆ ಚಾಚಿದರೂ ನೆಲ, ಜನರ ಚಪ್ಪಲಿ, ಗೋಡೆಗಳ ಬುಡ ಇಷ್ಟೇ ಕಾಣುತ್ತಿತ್ತು. ಲೋಕವೇ ಕತ್ತೆತ್ತಿ ನೋಡುವ ಕೊಲೊಸಿಯಂನಲ್ಲಿ ನಾನು ಕಂಡದ್ದು ಕೆಳಗಿನ ಕಲ್ಲಿನ ಸಾಲು ಮತ್ತು ಅದಕ್ಕೆ ಒರಗಿ ಮಲಗಿದ್ದ ಒಂದು ಬೂದು ಬೆಕ್ಕು. ಒಳಗೆ ಸೆಕೆ, ಗೋಂದಿನ ವಾಸನೆ. ನನ್ನ ಉಸಿರಿನ ಸದ್ದೇ ನನಗೆ ಯಾರೋ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತಿರುವಂತೆ ಕೇಳುತ್ತಿತ್ತು.

ನಮ್ಮವರು ಕಂಪನಿಯ ಡಿಜಿಟಲ್ ಕ್ಯಾಮೆರಾ ಹಿಡಿದು ಒಂದು ಮಾತೂ ಆಡದೆ ಫೋಟೋ ತೆಗೆದರು. ನಾನು ಬಾಸು ಹೇಳಿಕೊಟ್ಟಂತೆ ಕೈ ಬೀಸಿದೆ. ಅಷ್ಟರಲ್ಲಿ ಮಕ್ಕಳು ಓಡಿ ಬಂದವು. ಹಿಂದೆಯೇ ಅವರ ಅಪ್ಪ ಅಮ್ಮಂದಿರು, ಅವರ ಹಿಂದೆ ಯಾವುದೋ ಬಸ್ಸಿನಿಂದ ಇಳಿದ ಒಂದು ದೊಡ್ಡ ಗುಂಪು. ಎಲ್ಲರಿಗೂ ಹುಳುವಿನ ಜೊತೆ ಫೋಟೋ ಬೇಕು. ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಣಪತಿಯ ಪ್ರಸಾದಕ್ಕೆ ಸಾಲು ನಿಲ್ಲಿಸುವ ಹಾಗೆ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕನ್ನಡದಲ್ಲೇ ಗದರುತ್ತಿದ್ದರು. ಎಲ್ಲ ದೇಶದವರೂ ಅರ್ಥವಾದವರಂತೆ ಸಾಲಿನಲ್ಲಿ ನಿಂತರು.

ಆ ಜಾಗದಲ್ಲಿ ರೋಮನ್ ಸೈನಿಕರ ವೇಷ ಹಾಕಿ ಪ್ರವಾಸಿಗರ ಜೊತೆ ಫೋಟೋಕ್ಕೆ ನಿಂತು ಹೊಟ್ಟೆ ಹೊರೆಯುವವರಿರುತ್ತಿದ್ದರು. ಅವರ ಗಿರಾಕಿಗಳೆಲ್ಲ ನನ್ನ ಕಡೆ ಬಂದುಬಿಟ್ಟಿದ್ದು ನನಗೆ ಕಾಣಲಿಲ್ಲ. ಇದ್ದಕ್ಕಿದ್ದಂತೆ ಬಲೆಯ ಮುಂದೆ ಚರ್ಮದ ಪಟ್ಟಿ ಕಟ್ಟಿದ ಕೂದಲು ತುಂಬಿದ ಎರಡು ಕಾಲುಗಳು ಬಂದು ನಿಂತವು. ಮೇಲಿನಿಂದ ಇಟಾಲಿಯನ್ ಭಾಷೆಯಲ್ಲಿ ಬೈಗುಳ ಸುರಿಯಿತು. ಭಾಷೆ ಬಾರದಿದ್ದರೂ ಬೈಗುಳವೆಂದು ಸಂಶಯವಿಲ್ಲದೆ ತಿಳಿಯಿತು. ಇನ್ನೂ ಎರಡು ಜೊತೆ ಕಾಲು ಬಂದು ಸೇರಿದವು. ನಾನು ಹಿಂದಕ್ಕೆ ಹೆಜ್ಜೆಯಿಟ್ಟೆ. ಚಿಪ್ಪು ಕಂಬಕ್ಕೆ ತಾಗಿ ಅಲ್ಲೇ ಸಿಕ್ಕಿಕೊಂಡೆ.

ಆಮೇಲೆ ನಡೆದದ್ದನ್ನು ನಮ್ಮವರು ಹೇಳಿ ತಿಳಿದೆ. ಅತ್ತೆ ನಡುವೆ ಬಂದು ನಿಂತು, ಕೆಂಪು ಗರಿಯ ಶಿರಸ್ತ್ರಾಣ ಹಾಕಿದ್ದ ಆ ಧಡಿಯನನ್ನು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಬ್ಯಾಗಿಗೆ ಕೈಹಾಕಿ ಕೋಡುಬಳೆಯ ಪೊಟ್ಟಣ ತೆಗೆದು ಅವನ ಮುಂದೆ ಹಿಡಿದರಂತೆ. "ಬೆಳಗ್ಗಿಂದ ಏನೂ ತಿಂದಿಲ್ಲ ಅನ್ಸುತ್ತೆ ಕಣೋ, ಅದಕ್ಕೇ ಸಿಟ್ಟು," ಎಂದು ಮಗನಿಗೆ ಹೇಳಿದ್ದು ನನಗೂ ಕೇಳಿಸಿತು. ಸೈನಿಕ ಒಂದು ತಿಂದ. ಖಾರ ನೆತ್ತಿಗೇರಿ ಕೆಮ್ಮಿದ. ಇನ್ನೊಂದು ಕೇಳಿದ. ಕೊನೆಗೆ ಹುಳುವಿನ ಎರಡೂ ಪಕ್ಕ ಸೈನಿಕರು ಕತ್ತಿ ಹಿಡಿದು ನಿಲ್ಲುವುದು, ಕಾಸು ಅವರದು, ಫೋಟೋ ಎಲ್ಲರದು ಎಂದು ರಾಜಿಯಾಯಿತು. ಮಧ್ಯಾಹ್ನದವರೆಗೂ ನಾವು ಅಲ್ಲೇ ಇದ್ದೆವು. ಸೈನಿಕರು ನಮ್ಮನ್ನು ಬಿಡಲು ಒಪ್ಪಲಿಲ್ಲ.

ನಮ್ಮವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಾರನೆಯ ದಿನ ಪಕ್ಕದ ಫೋರಂಗೆ ಹೋದೆವು. ಹಳೆಯ ರೋಮಿನ ದೇವಸ್ಥಾನ, ನ್ಯಾಯಸಭೆ, ಮಾರುಕಟ್ಟೆ ಎಲ್ಲ ಒಟ್ಟಿಗೆ ಮುರಿದು ಬಿದ್ದಿರುವ ಬಯಲು ಅದು. ನೆಲವೆಲ್ಲ ಉಬ್ಬುತಗ್ಗಿನ ಕಲ್ಲು. ನಾನು ಎರಡು ಸಲ ಮುಗ್ಗರಿಸಿದೆ. ಮೂರನೆಯ ಸಲ ಬಿದ್ದೇಬಿಡುವವಳನ್ನು ಅವರು ಗವಸಿನ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ಬಿಡಲಿಲ್ಲ. "ಮುಂದೆ ಕಲ್ಲಿದೆ," ಎಂದರು. "ಎಡಕ್ಕೆ ಬಾ. ಈಗ ಏರು." ಹಾಗೇ ಸ್ವಲ್ಪ ದೂರ ನಡೆದ ಮೇಲೆ ನಾನು ಒಳಗಿನಿಂದ, ಇಲ್ಲಿ ಏನಿದೆ ಎಂದು ಕೇಳಿದೆ.

"ಮೂರು ಕಂಬ ಇವೆ," ಎಂದರು. ಸ್ವಲ್ಪ ತಡೆದು, "ದೇವಸ್ಥಾನ ಇತ್ತು. ಈಗ ಬರೀ ಮೂರು ಕಂಬ. ನಮ್ಮ ಹಂಪೆಯಲ್ಲಿ ನೋಡಿಲ್ವಾ, ಹಾಗೆ. ಇದು ಬೆಳ್ಳಗಿದೆ ಅಷ್ಟೆ. ಮೇಲೆ ಒಂದು ಅಡ್ಡಪಟ್ಟಿ ಉಳ್ಕೊಂಡಿದೆ, ಅದರ ಮೇಲೆ ಹುಲ್ಲು ಬೆಳೆದಿದೆ," ಎಂದರು.

ಅಲ್ಲಿಂದ ಅವರ ಮಾತು ನಿಲ್ಲಲಿಲ್ಲ. ಸೆನೆಟ್ಟಿನವರು ಯಾವ ಬಾಗಿಲಿನಿಂದ ಬರುತ್ತಿದ್ದರು, ಗೆದ್ದ ದೊರೆ ಯಾವ ದಾರಿಯಲ್ಲಿ ಮೆರವಣಿಗೆ ಬರುತ್ತಿದ್ದ, ದೇವಿಯ ಸೇವೆಗಿದ್ದ ಕನ್ಯೆಯರು ಯಾವ ಗುಡಿಯಲ್ಲಿ ಬೆಂಕಿ ಆರದಂತೆ ಕಾಯುತ್ತಿದ್ದರು, ಎಲ್ಲ ಹೇಳಿದರು. ಮದುವೆಯಾದಂದಿನಿಂದ ಅಷ್ಟು ಮಾತು ನಾನು ಅವರ ಬಾಯಿಂದ ಕೇಳಿರಲಿಲ್ಲ. ಹುಳುವಿನ ಕಿವಿ ಎಲ್ಲಿದೆಯೆಂದು ತಿಳಿಯದೆ, ಚಿಪ್ಪಿನ ಅಂಚಿಗೆ ಬಾಯಿಟ್ಟು ಹೇಳುತ್ತಿದ್ದರು. ನಾನು ಕತ್ತಲಲ್ಲಿ ಕಣ್ಣು ಮುಚ್ಚಿಯೇ ನಡೆದೆ. ತೆರೆದರೆ ಚಪ್ಪಲಿಗಳು ಕಾಣುತ್ತಿದ್ದವು, ಮುಚ್ಚಿದರೆ ರೋಮ್ ಕಾಣುತ್ತಿತ್ತು.

ಚಪ್ಪಲಿಗಳ ಸಂಖ್ಯೆ ಹೆಚ್ಚುತ್ತಿದ್ದುದು ನನಗೆ ತಡವಾಗಿ ತಿಳಿಯಿತು. ಯಾರೋ ಇಂಗ್ಲಿಷಿನಲ್ಲಿ, ದಯವಿಟ್ಟು ಜೋರಾಗಿ ಹೇಳಿ, ಹಿಂದಿನವರಿಗೆ ಕೇಳಿಸುತ್ತಿಲ್ಲ ಎಂದರು. ನಮ್ಮವರನ್ನು ಯಾವುದೋ ಮಕ್ಕಳ ಟೂರಿನ ಗೈಡೆಂದೂ, ನನ್ನನ್ನು ಗುಂಪು ತಪ್ಪಿಹೋಗದಂತೆ ಇಟ್ಟುಕೊಂಡ ಗುರುತೆಂದೂ ಜನ ತಿಳಿದಿದ್ದರು. ಎಲ್ಲ ಗೈಡುಗಳೂ ಕೊಡೆಯನ್ನೋ ಬಾವುಟವನ್ನೋ ಎತ್ತಿ ಹಿಡಿದರೆ ಇವರು ಬಸವನಹುಳು ಹಿಡಿದಿದ್ದಾರೆ. ನಮ್ಮವರು ಗಾಬರಿಯಾಗಿ ಕೈ ಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ. ಗಂಟಲು ಸರಿಪಡಿಸಿಕೊಂಡು ಇಂಗ್ಲಿಷಿಗೆ ತಿರುಗಿದರು. ಜೂಲಿಯಸ್ ಸೀಸರನ ದೇಹವನ್ನು ಸುಟ್ಟ ಜಾಗಕ್ಕೆ ತಲುಪುವ ಹೊತ್ತಿಗೆ ನಮ್ಮ ಹಿಂದೆ ಒಂದು ಮದುವೆ ದಿಬ್ಬಣದಷ್ಟು ಜನವಿದ್ದರಂತೆ. ಅತ್ತೆ ಕೊನೆಯಲ್ಲಿ ನಡೆಯುತ್ತ, ಹಿಂದುಳಿದವರನ್ನು ಮುಂದಕ್ಕೆ ತಳ್ಳುತ್ತಿದ್ದರು.

ಸಂಜೆ ಸೈಬರ್ ಕೆಫೆಗೆ ಹೋಗಿ ಫೋಟೋ ಕಳಿಸುವುದು ನನ್ನ ಕೆಲಸ. ಒಂದು ಫೋಟೋ ಹೋಗುವಷ್ಟರಲ್ಲಿ ಒಂದು ಕಾಫಿ ಮುಗಿಯುತ್ತಿತ್ತು. ಬಾಸಿನ ಉತ್ತರ ಬಂದಿರುತ್ತಿತ್ತು. ಮೊದಲು, ಎಲ್ಲ ಫೋಟೋದಲ್ಲೂ ಸೀರೆ ಮತ್ತು ಬಿಳಿ ಸ್ನೀಕರ್ಸ್ ಹಾಕಿದ ಒಬ್ಬ ಅಜ್ಜಿ ಇದ್ದಾರೆ, ಅವರನ್ನು ಸ್ವಲ್ಪ ಪಕ್ಕಕ್ಕೆ ನಿಲ್ಲಲು ಹೇಳಬಹುದೇ ಎಂದು ಬರೆದ. ಅತ್ತೆಗೆ ತಿಳಿಸಿದೆ. ನಾನು ಅಷ್ಟು ದೂರದಿಂದ ಬಂದಿರುವಾಗ ಬರೀ ಹುಳು ಫೋಟೋದಲ್ಲಿ ಇರೋದು ಯಾವ ನ್ಯಾಯ ಎಂದರು, ಸರಿಯಲಿಲ್ಲ. ಆಮೇಲೊಂದು ದಿನ ಬರೆದ, ನೋಡುವವರೆಲ್ಲ ಅಜ್ಜಿ ಯಾರೆಂದು ಕೇಳುತ್ತಿದ್ದಾರೆ, ಅವರನ್ನು ಮುಂದೆ ನಿಲ್ಲಿಸಿ, ಹುಳು ಹಿಂದಿದ್ದರೂ ಪರವಾಗಿಲ್ಲ ಎಂದು. ನಾನು ಅತ್ತೆಗೆ ಇದನ್ನೂ ತಿಳಿಸಿದೆ. ಅವರು ಮಾರನೆಯ ಬೆಳಗ್ಗೆ ಸೂಟ್‌ಕೇಸಿನ ತಳದಿಂದ ಮೈಸೂರು ಸಿಲ್ಕು ತೆಗೆದರು.

ಆ ವರ್ಷಗಳಲ್ಲಿ ಪೀಸಾದ ಗೋಪುರಕ್ಕೆ ಹತ್ತಲು ಬಿಡುತ್ತಿರಲಿಲ್ಲ. ಬಾಗುವುದು ಹೆಚ್ಚಾಗಿ, ರಿಪೇರಿ ನಡೆಸಿದ್ದರು. ಎಲ್ಲರೂ ಗೋಪುರವನ್ನು ಕೈಯಿಂದ ತಡೆದು ಹಿಡಿದಂತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆಸಿಕೊಂಡೆ. ಯಾವ ದಿಕ್ಕಿಗೆ ಕೈ ಚಾಚಬೇಕೆಂದು ಕಾಣದೆ ನಾನು ಚಾಚಿದ ಕೈ ಗೋಪುರದ ಬದಲು ಪಕ್ಕದ ಚರ್ಚನ್ನು ತಡೆದು ಹಿಡಿದಂತೆ ಬಂದಿದೆ. ಗೋಪುರದ ಬುಡದಲ್ಲಿ ಬಾಗದ ಕಡೆಗೆ ಸೀಸದ ದೊಡ್ಡ ದೊಡ್ಡ ಗಟ್ಟಿಗಳನ್ನು ಹೇರಿದ್ದರು. ನೆಲದ ಹತ್ತಿರವೇ ಇದ್ದುದರಿಂದ ಹುಳುವಿನ ಬಾಯಿಂದ ನಾನು ಯುರೋಪಿನಲ್ಲಿ ಪೂರ್ತಿಯಾಗಿ ಕಂಡ ಸ್ಮಾರಕ ಅದೊಂದೇ. ಅದರ ತೂಕದ ಲೆಕ್ಕವನ್ನು ನಮ್ಮವರು ನನಗೂ, ಹಿಂದೆ ಸೇರಿದ್ದ ಜರ್ಮನಿಯ ಎರಡು ಸಂಸಾರಗಳಿಗೂ ವಿವರಿಸಿದರು.

ಪ್ಯಾರಿಸ್ಸಿಗೆ ಬಂದ ಮೇಲೆ ಬಾಸಿನ ಉತ್ತರಗಳು ನಿಂತವು. ವೆಬ್‌ಸೈಟಿನಲ್ಲಿ ಬಸವನಹುಳು ಇನ್ನೂ ಪೀಸಾದಲ್ಲೇ ಇತ್ತು. ಒಂದು ಸಂಜೆ ವೇಷ ಬಿಚ್ಚುವ ಮೊದಲೇ, ತಲೆಯ ಭಾಗ ಮಾತ್ರ ತೆಗೆದು ಅತ್ತೆಯ ಕೈಗೆ ಕೊಟ್ಟು, ಹೋಟೆಲಿನ ಮೂಲೆಯ ಫೋನ್ ಬೂತಿನಿಂದ ಆಫೀಸಿಗೆ ಕರೆ ಮಾಡಿದೆ. ಚಿಪ್ಪು ಒಳಗೆ ಹಿಡಿಸದೆ ಬೂತಿನ ಬಾಗಿಲು ತೆರೆದೇ ಇತ್ತು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಯಾರೋ ಗಂಡಸು ಎತ್ತಿದ. ದನಿ ಗುರುತಾಗಲಿಲ್ಲ. ಬಾಸನ್ನು ಕೇಳಿದೆ. ಇಲ್ಲಿ ಯಾರೂ ಇಲ್ಲಮ್ಮ, ನಾನು ಕುರ್ಚಿಗಳಿಗೆ ನಂಬರು ಹಚ್ಚಲು ಬಂದವನು ಎಂದ. ಕಂಪನಿ ಏನಾಯಿತು ಎಂದು ಕೇಳಿದೆ. ಹೋದ ವಾರವೇ ಮುಚ್ಚಿತಲ್ಲ, ನೀವು ಯಾರು ಎಂದ.

ನಾನು ಯಾರು ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನಿಲ್ಲಿ ಕೆಲಸ ಮಾಡುತ್ತೇನೆ ಎಂದೆ. ಪಾಪ, ಅವನು ಸಾರಿ ಹೇಳಿದ.

ರೂಮಿಗೆ ಬಂದು ವಿಷಯ ತಿಳಿಸಿದಾಗ ನಮ್ಮವರು ಜಿಪ್ಪು ಎಳೆದು ಚಿಪ್ಪನ್ನು ಬೀರುವಿನ ಪಕ್ಕಕ್ಕೆ ಇಟ್ಟರು. ಗ್ರೀನ್ ಕಾರ್ಡು ಅವರ ಕಂಪನಿಯ ಕಡೆಯಿಂದ ಬಂದಾಗಿತ್ತು, ಹಾಗಾಗಿ ದೇಶ ಬಿಡಬೇಕಾದೀತೆಂಬ ಭಯವಿರಲಿಲ್ಲ. ಆದರೂ ನನಗೆ ಅಳು ಬಂತು. ಪ್ಯಾರಿಸ್ಸಿಗೆ ಬಂದಂದಿನಿಂದ ನಾನು ಯಾರೂ ನೋಡದ ಪುಟಕ್ಕಾಗಿ ಕೈ ಬೀಸಿದ್ದೆ. ಅತ್ತೆ ಹುಳುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೋಗಲಿ ಬಿಡು, ನಾಳೆಯಿಂದ ಕಣ್ಣು ಬಿಟ್ಟು ಊರು ನೋಡು ಎಂದು ಸಮಾಧಾನ ಹೇಳಿದರು.

ಮಾರನೆಯ ದಿನ ಮೊದಲ ಸಲ ನನ್ನದೇ ಮೈಯಲ್ಲಿ ಊರು ನೋಡಲು ಹೊರಟೆ. ನೋತ್ರ್ ದಾಮ್ ಚರ್ಚಿನ ಮುಂದೆ ನಿಂತು ಕತ್ತೆತ್ತಿ ನೋಡಿದೆ. ಎರಡು ಗೋಪುರ, ಬಾಗಿಲ ತುಂಬ ಸಂತರ ಸಾಲು, ಮಳೆನೀರು ಉಗುಳುವ ಕಲ್ಲಿನ ಪಿಶಾಚಿಗಳು, ಎಲ್ಲ ಚೆನ್ನಾಗಿ ಕಂಡವು. ಮಕ್ಕಳು ಯಾರೂ ಓಡಿ ಬರಲಿಲ್ಲ. ನಮ್ಮವರು ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದರು. ಇದು ಯಾವ ಕಾಲದ್ದು ರೀ ಎಂದು ಕೇಳಿದೆ. ಹಳೇದು ಎಂದರು. ಬಾಗಿಲ ಮೇಲಿರುವವರು ಯಾರು ಎಂದೆ. ಕಾಣುತ್ತಲ್ಲ, ರಾಜರು ಎಂದರು. ಅಷ್ಟೇ. ಅವರಿಗೆ ಹೇಳಬಾರದೆಂದೇನೂ ಇರಲಿಲ್ಲ. ನನ್ನ ಮುಖ ನೋಡುತ್ತ ಮಾತಾಡುವ ಅಭ್ಯಾಸ ಇರಲಿಲ್ಲ. ಕಾಣುವ ಕಣ್ಣಿಗೆ ವಿವರಿಸುವುದು ಅವರಿಗೆ ಅಧಿಕಪ್ರಸಂಗ ಎನ್ನಿಸುತ್ತಿತ್ತೋ ಏನೋ. ಒಳಗೆ ಹೋದೆವು, ಬಣ್ಣದ ಗಾಜು ನೋಡಿದೆವು, ಬೆಂಚಿನ ಮೇಲೆ ಕೂತೆವು. ಅತ್ತೆ ಒಂದು ಮೇಣದ ಬತ್ತಿ ಹಚ್ಚಿ ಕೈ ಮುಗಿದರು. ಇಡೀ ದಿನ ನಾವು ಮೂವರೂ ಆಡಿದ ಮಾತು ಬಸ್ಸಿನ ನಂಬರಿನ ಬಗ್ಗೆ, ಮೊಸರು ಎಲ್ಲಿ ಸಿಗುತ್ತದೆ ಎಂಬುದರ ಬಗ್ಗೆ.

ಕೊನೆಯ ದಿನ ಬೆಳಗ್ಗೆ ನಾನು ಹಲ್ಲುಜ್ಜಿ ಬಂದು, ಬೀರುವಿನ ಪಕ್ಕದಿಂದ ಚಿಪ್ಪನ್ನು ಎಳೆದೆ.

"ಮತ್ತೆ ಯಾಕೆ?" ಎಂದರು ನಮ್ಮವರು. "ಯಾರು ನೋಡ್ತಾರೆ?"

"ಯಾರೂ ನೋಡೋದು ಬೇಡ. ಜಿಪ್ಪು ಹಾಕಿ."

ಅವರು ಅಮ್ಮನ ಮುಖ ನೋಡಿದರು. ಅತ್ತೆ ಆಗಲೇ ಚಿಪ್ಪನ್ನು ಎತ್ತಿ ಹಿಡಿದು ನಿಂತಿದ್ದರು.

ಲೂವ್ರ್ ಅರಮನೆಯ ಮುಂದಿನ ದೊಡ್ಡ ತೋಟಕ್ಕೆ ಹೋದೆವು. ಕಾಲ ಕೆಳಗೆ ಜಲ್ಲಿ ಕರಕರ ಎನ್ನುತ್ತಿತ್ತು. ಸ್ವಲ್ಪ ದೂರ ಅವರು ಕೈ ಹಿಡಿದು ಸುಮ್ಮನೆ ನಡೆದರು. ಆಮೇಲೆ ಚಿಪ್ಪಿನ ಹತ್ತಿರ ಬಾಗಿ, "ಇಲ್ಲಿ ಒಂದು ಅರಮನೆ ಇತ್ತು," ಎಂದರು. "ಈಗಿಲ್ಲ. ದಂಗೆಯಲ್ಲಿ ಸುಟ್ಟುಹಾಕಿದ್ರು. ನಾವೀಗ ಅದರ ಬಾಗಿಲಿನಿಂದ ಒಳಗೆ ಹೋಗ್ತಿದ್ದೀವಿ ಅಂದ್ಕೋ." ಹೀಗೆ ಮುಚ್ಚಿಹೋದ ಕಂಪನಿಯ ಹುಳುವಿಗೆ ಅವರು ಇಲ್ಲದ ಅರಮನೆಯ ಒಂದೊಂದೇ ಕೋಣೆಯನ್ನು ತೋರಿಸಿದರು. ರಾಣಿಯ ಮಲಗುವ ಮನೆ, ನೃತ್ಯದ ಹಜಾರ, ದಂಗೆಯವರು ಮೆಟ್ಟಿಲೇರಿ ಬಂದಾಗ ರಾಜ ಓಡಿದ ಹಾದಿ. ರಾಜನ ತಲೆ ಕಡಿದ ಚೌಕಕ್ಕೆ ಬರುವಷ್ಟರಲ್ಲಿ ಎಂದಿನಂತೆ ಹಿಂದೆ ಗುಂಪು ಕೂಡಿತ್ತು. ಒಬ್ಬ ಫ್ರೆಂಚ್ ಹೆಂಗಸು ನಡುವೆ ಬಾಯಿ ಹಾಕಿ ಯಾವುದೋ ಇಸವಿ ತಪ್ಪೆಂದಳು. ನಮ್ಮವರು ಅವಳ ಜೊತೆ ವಾದಕ್ಕೆ ನಿಂತರು. ಮನೆಯಲ್ಲಿ ಕರೆಂಟು ಬಿಲ್ಲು ತಪ್ಪು ಬಂದರೂ ಫೋನು ಮಾಡಿ ಕೇಳದವರು, ಬೀದಿಯಲ್ಲಿ ನಿಂತು ಪರದೇಶದ ಹೆಂಗಸಿನ ಹತ್ತಿರ ಅವಳದೇ ದೇಶದ ಚರಿತ್ರೆಗೆ ಜಗಳವಾಡಿದರು. ನಾನು ಒಳಗೆ ಬೆವರಿನಲ್ಲಿ ತೊಯ್ದು, ಬಹಳ ಸಂತೋಷದಿಂದ ಕೇಳಿಸಿಕೊಂಡೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಇಳಿಯುವ ಮೊದಲು ಕಸ್ಟಮ್ಸಿನ ಚೀಟಿ ತುಂಬಬೇಕಿತ್ತು. ಹಣ್ಣು, ಮಾಂಸ, ಮಣ್ಣು, ಹಕ್ಕಿ, ಬಸವನಹುಳು ಇವುಗಳಲ್ಲಿ ಯಾವುದಾದರೂ ತರುತ್ತಿದ್ದೀರಾ ಎಂದು ಅದರಲ್ಲಿ ಕೇಳಿದ್ದರು. ನಮ್ಮವರು ಅದನ್ನು ಗಟ್ಟಿಯಾಗಿ ಓದಿ ತಪ್ಪು ಮಾಡಿದರು. ಸರ್ಕಾರದವರು ಅಷ್ಟು ಸ್ಪಷ್ಟವಾಗಿ ಕೇಳುವಾಗ ಇಲ್ಲ ಅನ್ನುವುದು ಹೇಗೆ ಎಂದು ಅತ್ತೆ ಹಟ ಹಿಡಿದರು. ಅವರ ಸಮಾಧಾನಕ್ಕೆ ಹೌದು ಎಂದು ಗುರುತು ಹಾಕಿದೆವು. ಕೆಳಗೆ ಇಳಿದ ಮೇಲೆ ಅಧಿಕಾರಿ ಎಷ್ಟು ಹುಳು, ಯಾವ ಜಾತಿ ಎಂದು ಕೇಳಿದರು. ಒಂದು ಎಂದೆ. ಜೀವಂತವೇ ಎಂದರು. ನಾನು ಒಳಗಿದ್ದಾಗ ಮಾತ್ರ ಎಂದೆ. ಅವರು ಚೀಲ ತೆಗೆಸಿದಾಗ ಅದುಮಿ ಇಟ್ಟಿದ್ದ ಎರಡು ಕಣ್ಣು ಚಿಮ್ಮಿ ಮೇಲೆ ಬಂದವು. ಅಧಿಕಾರಿ ಹಿಂದಕ್ಕೆ ಸರಿದು, ಪಕ್ಕದವರನ್ನು ಕರೆದು ತೋರಿಸಿ, ನಮ್ಮನ್ನು ಹೋಗಲು ಬಿಟ್ಟರು. ಅತ್ತೆಯ ಉಪ್ಪಿನಕಾಯಿಯನ್ನು ಯಾರೂ ಕೇಳಲಿಲ್ಲ.

ಫೋಟೋಗಳನ್ನು ಮಂಡ್ಯದಲ್ಲಿದ್ದ ನನ್ನ ಅಮ್ಮನಿಗೆ ಪೋಸ್ಟಿನಲ್ಲಿ ಕಳಿಸಿದೆ. ಅವು ತಲುಪಿದ ದಿನ ಅಮ್ಮ ಫೋನು ಮಾಡಿದಳು. ಎಲ್ಲದರಲ್ಲೂ ಬೀಗಿತ್ತಿ ಇದ್ದಾರೆ, ಕೆಲವದರಲ್ಲಿ ಅಳಿಯಂದಿರು ಇದ್ದಾರೆ, ಒಂದು ಗೊಂಬೆ ಇದೆ, ನೀನೆಲ್ಲಿ ಎಂದು ಕೇಳಿದಳು. ನನ್ನನ್ನು ಅಮೆರಿಕದಲ್ಲೇ ಬಿಟ್ಟು ತಾಯಿ ಮಗ ಇಬ್ಬರೇ ಹೋಗಿ ಬಂದಿದ್ದಾರೆ ಎಂದು ಅವಳಿಗೆ ಅನುಮಾನ ಬಂದಿತ್ತು.

"ಆ ಗೊಂಬೆ ನಾನೇ ಅಮ್ಮ."

"ಅವರ ಮನೇಲಿ ಎಲ್ಲ ಚೆನ್ನಾಗಿದ್ದಾರಾ?" ಎಂದು ಮೆತ್ತಗೆ ಕೇಳಿದಳು. ನಾನು ಎಷ್ಟು ವಿವರಿಸಿದರೂ ಅವಳ ಸಂಶಯ ಪೂರ್ತಿ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಕಂಪನಿಯ ಸಾಮಾನು ಹರಾಜು ಹಾಕುವವರಿಂದ ಕರೆ ಬಂತು. ಅವರ ಪಟ್ಟಿಯ ಪ್ರಕಾರ ಒಂದು ವೇಷ ನನ್ನ ಬಳಿ ಉಳಿದಿತ್ತು. ನಾವು ಮೂವರೂ ಕಾರಿನಲ್ಲಿ ಹೋಗಿ ಒಪ್ಪಿಸಿದೆವು. ಬಾಸು ಅಲ್ಲಿದ್ದ. ಅವನ ಕಾಲಲ್ಲಿ ನಾನು ಷೂ ನೋಡಿದ್ದು ಅದೇ ಮೊದಲು. ನನ್ನ ಕೈ ಹಿಡಿದು ಕ್ಷಮೆ ಕೇಳಿದ. ಅತ್ತೆಯನ್ನು ನೋಡಿದ ಕೂಡಲೇ ಗುರುತು ಹಿಡಿದು, ನೀವೇ ನಮ್ಮ ಸೈಟಿನಲ್ಲಿ ಕೆಲಸ ಮಾಡಿದ ಒಂದೇ ಭಾಗ ಎಂದ. ಅತ್ತೆ ಅವನ ತಲೆ ಸವರಿ, ಸೊರಗಿದ್ದೀಯಲ್ಲಪ್ಪ ಎಂದರು.

ವೇಷಕ್ಕೆ ನಂಬರಿನ ಚೀಟಿ ಹಚ್ಚಿ, ಕೂರುವ ಚೀಲಗಳ ರಾಶಿಯ ಮೇಲೆ ಕೂರಿಸಿದರು. ಹರಾಜಿನಲ್ಲಿ ಅದನ್ನು ಕೊಂಡವನು ಎಲ್ ಕಮಿನೋ ರಸ್ತೆಯಲ್ಲಿ ಹಾಸಿಗೆ ಅಂಗಡಿ ಇಟ್ಟವನು. ಅಂಗಡಿಯ ಮುಂದೆ ಯಾರನ್ನಾದರೂ ಹುಳುವಾಗಿ ನಿಲ್ಲಿಸಿ, ಕೈಗೆ ರಿಯಾಯಿತಿಯ ಬೋರ್ಡು ಕೊಡುವುದು ಅವನ ಯೋಚನೆ. ಹಾಕಿಕೊಳ್ಳಲು ಚಿಕ್ಕ ಆಳು ಬೇಕಲ್ಲ ಎಂದು ಸುತ್ತ ನೋಡಿದ. ನಮ್ಮವರು, ಇವಳಿಗೆ ಅಂತರರಾಷ್ಟ್ರೀಯ ಅನುಭವ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರು ಜನರ ಮುಂದೆ ತಮಾಷೆ ಮಾಡಿದ್ದು ನನಗೆ ಎಷ್ಟು ಹೊಸದೆಂದರೆ, ಅದು ತಮಾಷೆ ಎಂದು ತಿಳಿಯಲು ತಡವಾಯಿತು. ಅಂಗಡಿಯವನಿಗೆ ತಿಳಿಯಲೇ ಇಲ್ಲ. ಸೋಮವಾರ ಬರಬಹುದೇ ಎಂದು ಕೇಳಿದ. ನಾನು ಬೇಡ ಎಂದೆ. ಆದರೆ ಆಗ ಕೆಲಸ ಕಳೆದುಕೊಂಡ ಸ್ನೇಹಿತರೆಲ್ಲರ ಪೈಕಿ ಅಷ್ಟು ಬೇಗ ಹೊಸ ಕೆಲಸದ ಕರೆ ಬಂದದ್ದು ನನಗೊಬ್ಬಳಿಗೇ. ನಮ್ಮಲ್ಲಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದ, ಡಬ್ಲಿನ್ ಎಂಬ ಊರಿನ ಕಡೆಯ ಒಂದು ಕಂಪನಿಯಲ್ಲಿ ನನಗೆ ಸರಿಯಾದ ಕೆಲಸ ಸಿಕ್ಕಿದ್ದು ಮುಂದಿನ ಬೇಸಿಗೆಯಲ್ಲಿ.

ಅತ್ತೆ ಊರಿಗೆ ಹೊರಡುವ ಮುಂಚಿನ ಶನಿವಾರ ಸಾಮಾನು ತರಲು ಇಂಡಿಯನ್ ಅಂಗಡಿಗೆ ಹೊರಟಿದ್ದೆವು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹಾಸಿಗೆ ಅಂಗಡಿಯ ಮುಂದೆ ಬಸವನಹುಳು ಕಂಡಿತು. ಒಳಗಿದ್ದವನು ಎತ್ತರದವನಿರಬೇಕು, ಮೊಣಕಾಲಿನ ಕೆಳಗೆ ಜೀನ್ಸು ಕಾಣುತ್ತಿತ್ತು. ಬೋರ್ಡನ್ನು ತಲೆಕೆಳಗಾಗಿ ಹಿಡಿದು ಸುಮ್ಮನೆ ನಿಂತಿದ್ದ.

ಅತ್ತೆ ಕಿಟಕಿಯ ಗಾಜು ಇಳಿಸಿ ಕಣ್ಣು ಕಿರಿದು ಮಾಡಿ ನೋಡಿದರು. "ಕೈ ಎತ್ತೋದೇ ಇಲ್ಲ ನೋಡು ಅವನು," ಎಂದರು. "ಹಾಗೆ ನಿಂತ್ಕೊಂಡ್ರೆ ಯಾರು ಬರ್ತಾರೆ."

ನಮ್ಮವರು ಹಾರ್ನ್ ಹೊಡೆದರು. ಹುಳು ಬೆಚ್ಚಿಬಿದ್ದು ನಮ್ಮ ಕಡೆ ತಿರುಗಿತು. ಅದಕ್ಕೆ ನಮ್ಮ ಕಾರಿನ ಚಕ್ರಗಳಷ್ಟೇ ಕಂಡಿರುತ್ತವೆ ಎಂದು ನನಗೆ ಗೊತ್ತಿತ್ತು. ಆದರೂ ಕೈ ಬೀಸಿದೆ. ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ನಾವು ಹುಣಸೆಹಣ್ಣು ಕೊಳ್ಳಲು ಮುಂದಕ್ಕೆ ಹೋದೆವು.